ಬ್ರ್ಯಾಕೆಟ್ಟಿನೊಳಗಿನ ಹೊನವಾಡ

ಎರಡು, ನಾಲ್ಕು, ಆರು. ಈ ಸಾಲಿನ ಹಿಂದಿರುವ ನಿಯಮ ಯಾವುದು? 1960ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ ಒಡ್ಡಿದ ಒಗಟು ಇದು. ನಿಮಗೆ ತೋಚಿದ ಮೂರು ಅಂಕಿ ಹೇಳಿ, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ತಿಳಿಸುತ್ತೇನೆ ಎಂದರು. ಹೆಚ್ಚಿನವರು ‘ಎರಡೆರಡು ಕೂಡಿಸುವುದು’ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು 8-10-12, 20-22-24 ಎನ್ನುತ್ತ ಹೋದರು. ಪ್ರತಿಸಲವೂ ಹೌದು ಎಂಬ ಉತ್ತರ. ನಿಜವಾದ ನಿಯಮ ಬಲು ಸಡಿಲ: ಏರುತ್ತ ಹೋಗುವ ಯಾವ ಮೂರು ಅಂಕಿಯಾದರೂ ಸರಿ. 29 ಜನರಲ್ಲಿ ಒಮ್ಮೆಯೂ ತಪ್ಪು ಉತ್ತರ ಕೊಡದೆ ಅಲ್ಲಿಗೆ ಮುಟ್ಟಿದವರು ಆರೇ ಮಂದಿ. 1-7-50 ಎಂದು ಕೇಳಿ ತಮ್ಮ ಊಹೆಯನ್ನು ತಾವೇ ಕೆಡವಿ ನೋಡೋಣ ಎಂದು ಬಹುತೇಕರಿಗೆ ಅನ್ನಿಸಲೇ ಇಲ್ಲ.

ನಂಬಿದ್ದಕ್ಕೆ ಹೊಂದುವ ಪುರಾವೆಯನ್ನಷ್ಟೇ ಹುಡುಕುವ ದೃಢೀಕರಣ ಪೂರ್ವಗ್ರಹದ ಪ್ರಯೋಗಗಳಿಗೆ ಇದು ತಳಪಾಯ. 1979ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮರಣದಂಡನೆಯ ಪರ ಇದ್ದ 24, ವಿರುದ್ಧ ಇದ್ದ 24 ವಿದ್ಯಾರ್ಥಿಗಳಿಗೆ ಒಂದಕ್ಕೊಂದು ವ್ಯತಿರಿಕ್ತವಾದ ಎರಡು ವರದಿಗಳನ್ನು ಓದಿಸಿದರು. ಓದಿ ಮುಗಿಸುವಷ್ಟರಲ್ಲಿ ಎರಡೂ ಬಣ ತಂತಮ್ಮ ನಿಲುವಿಗೆ ಇನ್ನಷ್ಟು ಅಂಟಿಕೊಂಡಿದ್ದವು!

ನಮ್ಮಲ್ಲಿ ನಂಬಿಕೆ-ಪುರಾವೆಗಳ ಈ ಚರ್ಚೆ ಪವಾಡದ ಬಾಗಿಲಿನಿಂದ ಒಳಬಂತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ನಮ್ಮೆದುರು ಮಾಡಿ ತೋರಿಸಿ ಎಂದು ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. 2018ರ ಹೊತ್ತಿಗೆ ಪವಾಡಪುರುಷರೂ ಬೇಕಿರಲಿಲ್ಲ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಪುರಾವೆಯಾಗಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ.

ಕೆಟ್ಟದ್ದೇನಾದರೂ ಆದರೆ ಬಲಾಢ್ಯರು ಬೇಕೆಂದೇ ಮಾಡಿಸಿದ್ದು ಎನ್ನುವ ಧೋರಣೆಯನ್ನು ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲೇ ಟೀಕಿಸಿದ್ದರು. ಸಂಚು ಇಲ್ಲವೆಂದಲ್ಲ, ಆದರೆ ಆಗುವುದರಲ್ಲಿ ಬಹಳಷ್ಟು ಯಾರೂ ಬಯಸದೆಯೇ ಆಗುತ್ತದೆ ಎಂಬುದು ಅವರ ವಾದ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಗೆ ಎದುರಾದದ್ದೂ ಸಂಚೋ ಪ್ರಮಾದವೋ ಎಂಬ ಇದೇ ಪ್ರಶ್ನೆ. ತಿಕೋಟಾ ತಾಲ್ಲೂಕಿನ ಹೊನವಾಡದ 1,200 ಎಕರೆ ವಕ್ಫ್ ಪಾಲಾಗುತ್ತಿದೆ ಎಂದು ರೈತರು ದೂರಿದರು. ಬಬಲೇಶ್ವರದ ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಎಂ.ಬಿ. ಪಾಟೀಲ ಕೊಟ್ಟ ವಿವರಣೆ ಹೀಗಿತ್ತು: 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಲಬಾಗಾಯತ್ ಎಂಬ ಜಾಗದ ಹೆಸರಿನ ಪಕ್ಕ ಬ್ರ್ಯಾಕೆಟ್ಟಿನಲ್ಲಿ ಹೊನವಾಡ ಎಂದು ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಗಿದೆ, ಹೊನವಾಡದಲ್ಲಿ ವಕ್ಫ್ ಜಮೀನು ಇರುವುದು 11 ಎಕರೆ, ಅದರಲ್ಲಿ ಬಹುಪಾಲು ಖಬರಸ್ತಾನ.

ಸಂಚೆಂದು ನಂಬಿದವರಿಗೆ 1974ರ ಪುಟವೇ ಸಾಕು. ರೈತರಿಗೆ ಹೋಗಿದ್ದ ವಕ್ಫ್ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿ ಸೂಚಿಸಿದರೆ ‘ಸಿಕ್ಕಿಬಿದ್ದರು, ಅದಕ್ಕೇ’. ಸೂಚಿಸದಿದ್ದರೂ ಅದೊಂದು ಸಾಕ್ಷಿ. ಯಾವ ಕಾಗದ ಕೈಗೆ ಬಂದರೆ ಈ ಮಾತು ಬಿಡುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳದವರಿಗೆ ಎಲ್ಲ ಕಾಗದವೂ ಒಂದೇ. ಹಾಗಂತ, ಇದೆಲ್ಲ ಬರೀ ವದಂತಿ ಎಂದು ಕೈಕೊಡವಿದವರೇನೂ ಜಾಣರಲ್ಲ. ಅದೇ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ 41 ಆಸ್ತಿಗಳ ಪಹಣಿಯ 11ನೇ ಕಾಲಂಗೆ ನೋಟಿಸನ್ನೂ ಕೊಡದೆ ವಕ್ಫ್ ಹೆಸರು ಸೇರಿತ್ತು; ಆಡಳಿತವೇ ಅದನ್ನು ಒಪ್ಪಿಕೊಂಡಿತು.

ತಪ್ಪು ನಂಬಿಕೆಯನ್ನು ತಿದ್ದಲು ಹೋದರೆ ಅದು ಕೆಲವೊಮ್ಮೆ ಇನ್ನೂ ಬಲಿಯುತ್ತದೆ ಎಂದು 2010ರಲ್ಲಿ ಅಮೆರಿಕದ ಸಂಶೋಧಕರಾದ ನೈಹನ್, ರೈಫ್ಲರ್ ಬರೆದದ್ದು ಭಾರಿ ಸುದ್ದಿಯಾಯಿತು. 2019ರಲ್ಲಿ ವುಡ್ ಮತ್ತು ಪೋರ್ಟರ್ ಎಂಬ ಸಂಶೋಧಕರು 52 ವಿಷಯಗಳ ಮೇಲೆ 10,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಆ ಪರಿಣಾಮ ಕಾಣಿಸಲಿಲ್ಲ. ನಿಖರ ಮಾಹಿತಿ ಕೊಟ್ಟರೆ ಜನ ಸಾಮಾನ್ಯವಾಗಿ ತಿದ್ದಿಕೊಳ್ಳುತ್ತಾರೆ. ಅಂದಮೇಲೆ 1977ರ ತಿದ್ದುಪಡಿ ಪುಟವನ್ನೂ ಇಂಡಿಯ 41 ಆಸ್ತಿಗಳ ಪಟ್ಟಿಯನ್ನೂ ಅಕ್ಕಪಕ್ಕದಲ್ಲೇ ಪಂಚಾಯ್ತಿ ಗೋಡೆಗೆ ಅಂಟಿಸಬಹುದಿತ್ತು, ಮೊದಲ ನೋಟಿಸು ರೈತನ ಕೈಸೇರುವ ಮುಂಚೆಯೇ.