ಅಡಗಿಸುವ ಬಣ್ಣ, ಎದ್ದು ಕಾಣುವ ಬಣ್ಣ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಗರೆ ಸಿಗುತ್ತದೆ. ನೇರ ಹೋದರೆ ಬೇಲೂರು, ಕವಲು ಹಿಡಿದರೆ ಹಳೇಬೀಡು. ಹೊಯ್ಸಳರ ಎರಡು ದೊಡ್ಡ ದೇಗುಲಗಳ ನಡುವೆ ಇರುವ ನಮಗೆ ಕಲ್ಲಿನ ಸೈನಿಕರು, ಬೇಟೆಗಾರರು ನೆಂಟರಷ್ಟೇ ಪರಿಚಿತರು. ಎಷ್ಟೋ ಸಲ ನೋಡಿದ ಮೇಲೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಇವರಲ್ಲಿ ಮರೆಯಲ್ಲಿ ಅಡಗಿ ಕೂತವರನ್ನು ನಾನು ಕಂಡಿಲ್ಲ. ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇದ್ದಾಳೆ. ಅವಳ ಮೈತುಂಬ ಆಭರಣ. ಆ ಸದ್ದಿಗೆ ಯಾವ ಜಿಂಕೆಯೂ ನಿಲ್ಲಲಾರದು. ಊರೂರಲ್ಲಿ ನಿಂತಿರುವ ವೀರಗಲ್ಲುಗಳಲ್ಲೂ ಹೀಗೇ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುವ ವೀರ ಎಲ್ಲರಿಗಿಂತ ದೊಡ್ಡದಾಗಿ, ಎಲ್ಲರಿಗೂ ಕಾಣುವಂತೆ ನಿಂತಿರುತ್ತಾನೆ.

ಹಾಗೆಂದು ನಮ್ಮ ಹಿರಿಯರಿಗೆ ಅಡಗುವ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ಕನ್ನಡದ ಬೇಟೆಯ ಮಾತುಗಳೇ ಅದಕ್ಕೆ ಸಾಕ್ಷಿ. ಪ್ರಾಣಿಯ ದಾರಿಯಲ್ಲಿ ಸೊಪ್ಪುಸದೆಯ ಮರೆ ಕಟ್ಟಿ ಕಾಯುವುದು ಮರಸು. ಗದ್ದಲವೆಬ್ಬಿಸಿ ಪ್ರಾಣಿಯನ್ನು ಮರೆಯಲ್ಲಿರುವವನ ಕಡೆಗೆ ಅಟ್ಟುವುದು ಸೋವು. ಕಾಡುಮೃಗವನ್ನು ಸೆಳೆಯಲು ಬಿಡುವ ಸಾಕಿದ ಮೃಗ ದೀವ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಬೇಟೆಯೂ ಅರಸನ ವಿನೋದಗಳಲ್ಲಿ ಒಂದು. ಅಂದರೆ ಮರೆ ಬೇಟೆಗೆ ಸಲ್ಲುತ್ತಿತ್ತು, ವೀರಗಲ್ಲಿಗೆ ಸಲ್ಲುತ್ತಿರಲಿಲ್ಲ. ಬೇಟೆಯಲ್ಲಿ ಜಾಣತನವಾದದ್ದು ಕಾಳಗದಲ್ಲಿ ಹೇಡಿತನ ಅನ್ನಿಸುತ್ತಿತ್ತು.

ಅಡಗುವ ಬಣ್ಣ ಕೆಲಸ ಮಾಡುವ ಬಗೆಯನ್ನು ಹುಲಿಯಿಂದಲೇ ಕಲಿಯಬೇಕು. ಹೊಯ್ಸಳರಿಗೆ ಹೆಸರು ಕೊಟ್ಟ ಸಳನ ಕಥೆಯಲ್ಲಿರುವುದೂ ಹುಲಿಯೇ. ಅಷ್ಟು ಕಡು ಕಿತ್ತಳೆ ಬಣ್ಣದ ಪ್ರಾಣಿ ಹಸಿರು ಪೊದೆಯಲ್ಲಿ ಹೇಗೆ ಅಡಗೀತು? ಉತ್ತರ ಜಿಂಕೆಯ ಕಣ್ಣಿನಲ್ಲಿದೆ. ಮನುಷ್ಯನ ಕಣ್ಣಲ್ಲಿ ಬಣ್ಣ ಗುರುತಿಸುವ ಜೀವಕೋಶಗಳು ಮೂರು ಬಗೆಯವು, ಜಿಂಕೆಗೆ ಎರಡೇ ಬಗೆ. ಅದಕ್ಕೆ ಕಿತ್ತಳೆಗೂ ಹಸಿರಿಗೂ ಹೆಚ್ಚು ವ್ಯತ್ಯಾಸ ತಿಳಿಯದು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನೇ ವಿವರಿಸಿದರು. ಅಮೆರಿಕದ ಎಷ್ಟೋ ಕಡೆ ಜಿಂಕೆ ಬೇಟೆಗಾರರು ಹೊಳೆಯುವ ಕಿತ್ತಳೆ ಅಂಗಿ ತೊಡಬೇಕೆಂಬ ನಿಯಮವಿರುವುದೂ ಈ ಗುಣದಿಂದಲೇ ಸಾಧ್ಯವಾಗಿದೆ. ಇನ್ನೊಬ್ಬ ಬೇಟೆಗಾರನಿಗೆ ಅದು ದೂರದಿಂದಲೇ ಕಾಣುತ್ತದೆ, ಜಿಂಕೆಗೆ ಕಾಣುವುದಿಲ್ಲ.

ಇನ್ನು ಪಟ್ಟೆಗಳ ಕೆಲಸ ಬೇರೆ. ಕಣ್ಣು ಮೊದಲು ಹುಡುಕುವುದು ಅಂಚನ್ನು: ಬೆನ್ನಿನ ಗೆರೆ, ಭುಜದ ತಿರುವು, ತಲೆಯ ದುಂಡು. ಕಪ್ಪು ಪಟ್ಟೆ ಆ ಅಂಚನ್ನು ಅಲ್ಲಲ್ಲಿ ಕತ್ತರಿಸಿದರೆ ಹುಲಿಯ ಆಕಾರ ಚೂರುಚೂರಾಗಿ, ಹುಲ್ಲಿನ ನೆರಳುಗಳ ಜೊತೆ ಸೇರಿಹೋಗುತ್ತದೆ. ಹೊಟ್ಟೆಯ ಬಿಳಿಗೂ ಕಾರಣವಿದೆ. ಬಿಸಿಲು ಮೇಲಿಂದ ಬಿದ್ದಾಗ ಬೆನ್ನು ಬೆಳ್ಳಗೂ ಹೊಟ್ಟೆ ಕಪ್ಪಗೂ ಕಾಣಬೇಕು, ಹಾಗೆ ಕಂಡರೆ ಮೈಯ ಉಬ್ಬು ತಿಳಿದುಬಿಡುತ್ತದೆ. ಬೆನ್ನಿನ ಬಣ್ಣ ಗಾಢವಾಗಿ ಹೊಟ್ಟೆ ಬೆಳ್ಳಗಿದ್ದರೆ ಎರಡೂ ಸಮನಾಗಿ, ಮೈ ಚಪ್ಪಟೆಯಾಗಿ ತೋರುತ್ತದೆ. ಅಮೆರಿಕದ ಚಿತ್ರಕಾರ ಆಬಟ್ ಥೇಯರ್ ಈ ತತ್ವವನ್ನು ವಿವರಿಸಿದ್ದು 19ನೇ ಶತಮಾನದ ಕೊನೆಗೆ. ಇಷ್ಟೆಲ್ಲ ಇದ್ದರೂ ಹುಲಿ ಅಲುಗಿದರೆ ಮುಗಿಯಿತು. ಚಲನೆಯನ್ನು ಮುಚ್ಚುವ ಬಣ್ಣ ಯಾವುದೂ ಇಲ್ಲ.

ಈ ಪಟ್ಟೆ ಮನುಷ್ಯನ ಬಟ್ಟೆಗೆ ಬಂದಾಗ ಅರ್ಥವೇ ತಿರುಗುಮುರುಗಾಯಿತು. ಟಿಪ್ಪು ಸುಲ್ತಾನನ ಸೈನಿಕರು ತೊಟ್ಟದ್ದು ‘ಬಬ್ರಿ’ ಎಂಬ ಹುಲಿಪಟ್ಟೆಯ ಬಟ್ಟೆ. ಅದೇ ಪಟ್ಟೆ ಅವನ ಆಯುಧಗಳ ಮೇಲೂ ಇತ್ತು, ಸಿಂಹಾಸನದಲ್ಲೂ ಹುಲಿಯೇ ಇತ್ತು. ಕಾಡಿನಲ್ಲಿ ಹುಲಿಯನ್ನು ಅಡಗಿಸಿದ ಪಟ್ಟೆ ಮೈದಾನದಲ್ಲಿ ‘ಇವರು ಟಿಪ್ಪುವಿನವರು’ ಎಂದು ಸಾರಿತು. ಅದರಲ್ಲಿ ಅವಿವೇಕವೇನೂ ಇರಲಿಲ್ಲ. ಆ ಕಾಲದ ಬಂದೂಕಿನ ಮದ್ದು ಸುಟ್ಟರೆ ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಹೊಗೆಯಲ್ಲಿ ತನ್ನವರು ಯಾರು, ಹಗೆಗಳು ಯಾರು ಎಂದು ತಿಳಿಯಬೇಕಾದರೆ ಎದ್ದು ಕಾಣುವ ಬಟ್ಟೆಯೇ ಬೇಕು. ಎದುರು ನಿಂತ ಕಂಪನಿಯ ಸೈನ್ಯದ ಕೆಂಪು ಕೋಟಿಗೂ ಇದೇ ಸಮರ್ಥನೆ.

ಹೊಗೆಯಿಲ್ಲದ ಮದ್ದು ಬಂದದ್ದು 1880ರ ದಶಕದಲ್ಲಿ. ಗುಂಡಿನ ದೂರವೂ ಗುರಿಯೂ ಹೆಚ್ಚಿದ್ದವು. ಆಗ ಕೆಂಪು ಕೋಟು ತೊಟ್ಟವನು ಬರಿಯ ಗುರಿಹಲಗೆ. ಮಣ್ಣಿನ ಬಣ್ಣದ ಖಾಕಿ ಸೈನ್ಯದ ತುಂಬ ಹರಡಿದ್ದು ಹೀಗೆ. ಖಾಕಿಯ ಮೊದಲನ್ನು ಸಾಮಾನ್ಯವಾಗಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ 1846ರಲ್ಲಿ ಕಟ್ಟಿದ ಗೈಡ್ಸ್ ಪಡೆಗೆ ಜೋಡಿಸುತ್ತಾರೆ. ಹೆಸರೂ ಅಲ್ಲಿಯದೇ, ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು. ಆದರೆ ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರು ನಡೆಸಿದ ನೇಯ್ಗೆಯ ಕಾರ್ಖಾನೆಗೆ 1851ರಲ್ಲಿ ಜಾನ್ ಹಾಲರ್ ಎಂಬ ಯುರೋಪಿನ ನೇಕಾರ ಬಂದ. ಒಗೆದರೂ ಹೋಗದ ಖಾಕಿ ಬಣ್ಣವನ್ನು ಅಲ್ಲಿ ಅವನೇ ತಯಾರಿಸಿದನೆಂದೂ, ಮೊದಲು ಊರಿನ ಪೊಲೀಸರು, ಆಮೇಲೆ ಸೈನ್ಯ ಅದನ್ನು ಒಪ್ಪಿಕೊಂಡಿತೆಂದೂ ಮಂಗಳೂರಿನ ಇತಿಹಾಸ ಹೇಳುತ್ತದೆ. ಪೇಶಾವರ ಹೆಸರು ಕೊಟ್ಟಿರಬಹುದು, ಬಣ್ಣ ನಿಲ್ಲುವಂತೆ ಮಾಡಿದ ಕೀರ್ತಿ ಬಲ್ಮಠ ಕೇಳುತ್ತದೆ.

ಖಾಕಿಯೂ ಬಬ್ರಿಯ ದಾರಿಯನ್ನೇ ಹಿಡಿಯಿತು. ಧೂಳಿನಲ್ಲಿ ಕಾಣದಿರಲೆಂದು ಬಂದ ಬಣ್ಣವನ್ನು ಇವತ್ತು ಸಂತೆಯಲ್ಲಿ ಎಲ್ಲಕ್ಕಿಂತ ಮೊದಲು ಗುರುತಿಸುತ್ತೇವೆ. ಖಾಕಿ ಕಂಡರೆ ಹೆಲ್ಮೆಟ್ಟಿಲ್ಲದವನು ಗಾಡಿ ತಿರುಗಿಸುತ್ತಾನೆ.

ಒಂದೇ ಬಣ್ಣದಲ್ಲಿ ಆಕಾರ ಉಳಿದುಬಿಡುತ್ತದೆ. ಆದ್ದರಿಂದ ಮೊದಲ ಮಹಾಯುದ್ಧದಲ್ಲಿ ಫ್ರೆಂಚರು 1915ರಲ್ಲಿ ಚಿತ್ರಕಾರರನ್ನೇ ಸೇರಿಸಿ ಒಂದು ಪಡೆ ಕಟ್ಟಿ, ಫಿರಂಗಿಗಳಿಗೆ ಮಚ್ಚೆ ಬಳಿಸಿದರು. ಹುಲಿಯ ಪಟ್ಟೆಯ ತತ್ವವೇ ಅದು. ಮಚ್ಚೆಯ ಅಳತೆಯೂ ಮುಖ್ಯ. ಸಣ್ಣ ಮಚ್ಚೆ ಹತ್ತಿರದಲ್ಲಿ ಸೊಪ್ಪಿನೊಡನೆ ಬೆರೆಯುತ್ತದೆ, ದೂರದಲ್ಲಿ ಕಲೆತು ಒಂದೇ ಬಣ್ಣವಾಗುತ್ತದೆ. ದೊಡ್ಡ ಮಚ್ಚೆ ದೂರದಲ್ಲೂ ಅಂಚನ್ನು ಒಡೆಯುತ್ತದೆ. ಚಿಕ್ಕ ಚಿಕ್ಕ ಚೌಕಗಳನ್ನು ಕೂಡಿಸಿ ಸಣ್ಣ ಮತ್ತು ದೊಡ್ಡ ಮಚ್ಚೆ ಎರಡನ್ನೂ ಒಂದೇ ಬಟ್ಟೆಯಲ್ಲಿ ತರುವುದೇ ಈಗಿನ ಡಿಜಿಟಲ್ ವಿನ್ಯಾಸದ ಲೆಕ್ಕ. ಭಾರತೀಯ ಸೇನೆ 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಸಮವಸ್ತ್ರ ಈ ಜಾತಿಯದು.

ಇಲ್ಲಿ ಇನ್ನೊಂದು ಬಗೆಯ ಮರೆ ಹುಟ್ಟಿಕೊಂಡಿದೆ. 2016ರ ಜನವರಿಯಲ್ಲಿ ಪಠಾಣಕೋಟೆಯ ವಾಯುನೆಲೆಯ ಮೇಲೆ ದಾಳಿ ಮಾಡಿದವರು ತೊಟ್ಟಿದ್ದದ್ದು ಸೇನೆಯ ಉಡುಪು. ಪೊದೆಯಲ್ಲಿ ಅಡಗಲು ಅವರಿಗೆ ಆ ಮಚ್ಚೆ ಬೇಕಿರಲಿಲ್ಲ, ನಮ್ಮ ನಂಬಿಕೆಯಲ್ಲಿ ಅಡಗಲು ಬೇಕಿತ್ತು. ಅದಾದ ಮೇಲೆ ಸೇನೆ ಇಂಥ ಬಟ್ಟೆಯನ್ನು ಮಾರಬೇಡಿ, ತೊಡಬೇಡಿ ಎಂದು ಜನರನ್ನು ಕೇಳಿಕೊಂಡಿತು. ಸಂತೆಯಲ್ಲಿ ಮಚ್ಚೆಮಚ್ಚೆಯ ಪ್ಯಾಂಟು ಕೊಳ್ಳುವ ನಮ್ಮ ಹುಡುಗರಿಗೆ ಅದು ಬರೀ ಶೋಕಿ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಹುಲಿ ತನ್ನ ಪಟ್ಟೆಯನ್ನು ಯಾರಿಗೂ ಸಾಲ ಕೊಡಲಾರದು, ಮನುಷ್ಯನ ಪಟ್ಟೆ ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ. ಸೇನೆ ಹೊಸ ವಿನ್ಯಾಸ ಮಾಡಿಸಿ, ಅದು ಹೊರಗೆ ಮಾರಾಟವಾಗದಂತೆ ಕಾಯಬೇಕಾಗಿ ಬಂದಿರುವುದು ಇದರಿಂದಲೇ.