ಕಾಡಿನಲ್ಲಿ ಹೂತಿಟ್ಟ ಒಂದು ಕಪ್ಪು ಬಕೆಟ್ಟು



ಭೂಗೋಳದ ತರಗತಿಯಲ್ಲಿ ಅಕ್ಷಾಂಶ, ರೇಖಾಂಶಗಳ ಪಾಠ ಬಂದಾಗಲೆಲ್ಲ, ಅವು ನೆಲದ ಮೇಲೆ ಎಳೆದ ಗೆರೆಗಳಲ್ಲ, ಮನುಷ್ಯನು ಕಲ್ಪಿಸಿಕೊಂಡ ಗೆರೆಗಳು ಎಂದು ಹೇಳುತ್ತಿದ್ದೆ. ಆ ಕಲ್ಪನೆಯ ಗೆರೆಗಳನ್ನೇ ಹಿಡಿದು, ಯಾರೋ ಅಡಗಿಸಿಟ್ಟ ಡಬ್ಬಿಯೊಂದನ್ನು ಹುಡುಕುತ್ತ ಕಾಡುಮೇಡು ಅಲೆಯುವ ಹವ್ಯಾಸವೊಂದು ಇದೆ. ಅದರ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಇನ್ನೊಬ್ಬರು ಜಿಪಿಎಸ್ ಸಾಧನ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಆಟ ಇಷ್ಟೇ. ಆದರೆ ಅದು ಹುಟ್ಟಿದ ಬಗೆ ಮತ್ತು ಮೊದಲಿನವರ ಕಣ್ಣಿಗೆ ಅದು ಬಿದ್ದ ಬಗೆ ತಿಳಿಯತಕ್ಕದ್ದಾಗಿದೆ.

ಕಥೆಯ ಬೇರು ಯುದ್ಧದ ಸಿದ್ಧತೆಯಲ್ಲಿದೆ. ಜಿಪಿಎಸ್ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ವ್ಯವಸ್ಥೆ. ಇದರ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಪರಮಾಣು ಗಡಿಯಾರದ ವೇಳೆಯನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ಸೇರಿದ ವೇಳೆಯನ್ನು ಲೆಕ್ಕ ಹಾಕಿ ನಮ್ಮ ಕೈಯಲ್ಲಿರುವ ಸಾಧನವು ನಾವು ನಿಂತ ಜಾಗವನ್ನು ಹೇಳುತ್ತದೆ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನವು ಹೊಡೆದುರುಳಿಸಿತು. 269 ಮಂದಿ ಸತ್ತರು. ಆ ದುರಂತದ ಬೆನ್ನಿಗೇ ಅಧ್ಯಕ್ಷ ರೇಗನ್, ಈ ವ್ಯವಸ್ಥೆ ಸಿದ್ಧವಾದಾಗ ನಾಗರಿಕರಿಗೂ ಉಚಿತವಾಗಿ ದೊರೆಯುವುದೆಂದು ಘೋಷಿಸಿದರು.

ಕೊಟ್ಟರು ನಿಜ, ಆದರೆ ಪೂರ್ತಿಯಾಗಿ ಕೊಡಲಿಲ್ಲ. ಶತ್ರುಗಳು ಬಳಸಿಯಾರೆಂಬ ಭಯದಿಂದ ನಾಗರಿಕರ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸಲಾಗಿತ್ತು. ಇದರಿಂದಾಗಿ ಸಾಧನ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬೀಳುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಬೆರಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅದೇ ನಡುರಾತ್ರಿ ಅದು ನಿಂತೂ ಹೋಯಿತು. ಲೋಕದಲ್ಲೆಲ್ಲ ಜನರ ಕೈಯಲ್ಲಿದ್ದ ಹಳೆಯ ಸಾಧನಗಳೇ ಬೆಳಗಾಗುವುದರೊಳಗೆ ಸುಮಾರು ಹತ್ತು ಪಟ್ಟು ನಿಖರವಾದವು.

ಇದರ ಅರ್ಥವನ್ನು ನಮ್ಮ ಲೆಕ್ಕದಲ್ಲಿಯೇ ನೋಡೋಣ. ನೂರು ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು ಏಳೂಮುಕ್ಕಾಲು ಎಕರೆ ನೆಲ. ಹತ್ತು ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು ಮೂರು ಗುಂಟೆ. ಏಳೂಮುಕ್ಕಾಲು ಎಕರೆ ಕಾಡಿನಲ್ಲಿ ಬಕೆಟ್ಟನ್ನು ಹುಡುಕುವುದು ಶಿಕ್ಷೆ, ಮೂರು ಗುಂಟೆಯಲ್ಲಿ ಹುಡುಕುವುದು ಆಟ. ತ್ರಿಜ್ಯವು ಹತ್ತರಲ್ಲಿ ಒಂದು ಪಾಲಾದರೆ ಕ್ಷೇತ್ರಫಲವು ನೂರರಲ್ಲಿ ಒಂದು ಪಾಲಾಗುತ್ತದೆ ಎಂಬ ಲೆಕ್ಕವನ್ನು ನೀವೆಲ್ಲ ಮಾಡಿದವರೇ. ಒಂದು ಹವ್ಯಾಸದ ಹುಟ್ಟಿಗೆ ಆ ಲೆಕ್ಕವೇ ಕಾರಣವಾಯಿತು.

ಬೆರಕೆ ನಿಂತ ಕೂಡಲೆ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಈ ನಿಖರತೆಯನ್ನು ಪರೀಕ್ಷಿಸಿ ನೋಡಬಯಸಿದರು. ಮೇ 3ರಂದು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಎಂಬ ಊರಿನ ಹತ್ತಿರ, ಕಾಡಿನಲ್ಲಿ, ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧ ಹೂತಿಟ್ಟರು. ಒಳಗೆ ಒಂದು ದಾಖಲೆ ಪುಸ್ತಕ, ಪೆನ್ಸಿಲ್, ವಿಡಿಯೋ, ಪುಸ್ತಕಗಳು, ಸಾಫ್ಟ್‌ವೇರ್, ರಬ್ಬರಿನ ಕವಣೆ, ಜೊತೆಗೆ ಒಂದು ಡಬ್ಬಿ ಹುರುಳಿಕಾಯಿ ಬೀಜದ ಖಾದ್ಯ! ಬಳಿಕ, ಉಪಗ್ರಹ ಪಥದರ್ಶನದಲ್ಲಿ ಆಸಕ್ತಿಯುಳ್ಳವರ ಅಂತರ್ಜಾಲ ಚರ್ಚಾಕೂಟದಲ್ಲಿ ಆ ಜಾಗವನ್ನು ಬರೆದರು: ಉತ್ತರ ಅಕ್ಷಾಂಶ 45 ಡಿಗ್ರಿ 17.460 ಮಿನಿಟು, ಪಶ್ಚಿಮ ರೇಖಾಂಶ 122 ಡಿಗ್ರಿ 24.800 ಮಿನಿಟು. ಅಕ್ಷಾಂಶದ ಒಂದು ಮಿನಿಟು ಸುಮಾರು 1,850 ಮೀಟರ್. ಆದ್ದರಿಂದ ದಶಾಂಶದ ಮೂರನೆಯ ಸ್ಥಾನವು ಎರಡು ಮೀಟರಿಗಿಂತ ಕಡಿಮೆ, ಅಂದರೆ ಒಂದು ಆಳುದ್ದ. ನಿಯಮ ಒಂದೇ: ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು.

ಮೂರೇ ದಿನಗಳಲ್ಲಿ ಇಬ್ಬರು ಓದುಗರು ಅದನ್ನು ಪತ್ತೆಹಚ್ಚಿದರು. ಮೊದಲಿಗರಾದ ಮೈಕ್ ಟೀಗ್, ಇಂಥ ಡಬ್ಬಿಗಳ ಜಾಗಗಳನ್ನೆಲ್ಲ ಕೂಡಿಸಿ ತಮ್ಮ ಜಾಲಪುಟದಲ್ಲಿ ಪಟ್ಟಿ ಮಾಡತೊಡಗಿದರು. ಆಗ ಇದಕ್ಕೆ ಸ್ಟ್ಯಾಶ್ ಎಂಬ ಹೆಸರಿತ್ತು. ಕಳ್ಳಮಾಲಿನ ವಾಸನೆಯಿರುವ ಆ ಪದವನ್ನು ಬಿಟ್ಟು, ಮ್ಯಾಟ್ ಸ್ಟಮ್ ಎಂಬವರು ಮೇ 30ರಂದು ಜಿಯೋಕ್ಯಾಶಿಂಗ್ ಎಂಬ ಪದವನ್ನು ಸೂಚಿಸಿದರು. ಜಿಯೋ ಎಂದರೆ ಭೂಮಿ. ಕ್ಯಾಶ್ ಎಂಬುದು, ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದದ್ದು. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳದ ವ್ಯಾಪಾರಿಗಳು ಬುತ್ತಿಯನ್ನು ಅಡಗಿಸಿಡುತ್ತಿದ್ದ ಜಾಗಕ್ಕೂ ಅದೇ ಹೆಸರು.

ಜುಲೈ ತಿಂಗಳಿನಲ್ಲಿ ಸಿಯಾಟಲ್ಲಿನ ಜಾಲತಾಣ ನಿರ್ಮಾಪಕ ಜೆರೆಮಿ ಐರಿಷ್, ಜಿಪಿಎಸ್ ಕುರಿತು ಏನನ್ನೋ ಹುಡುಕುತ್ತಿದ್ದಾಗ ಟೀಗರ ಪುಟ ಎದುರಾಯಿತು. ಹತ್ತಿರದಲ್ಲೇ ಒಂದು ಡಬ್ಬಿಯಿದೆಯೆಂದು ತಿಳಿದು, ಸಾಧನವೊಂದನ್ನು ಕೊಂಡು, ಅದೇ ವಾರದ ಕೊನೆಗೆ ಹುಡುಕಲು ಹೊರಟೇಬಿಟ್ಟರು. ಆ ಅನುಭವದ ಫಲವಾಗಿ ಸೆಪ್ಟೆಂಬರ್ 2ರಂದು ಜಿಯೋಕ್ಯಾಶಿಂಗ್ ಡಾಟ್ ಕಾಮ್ ಎಂಬ ತಾಣ ತೆರೆಯಿತು. ಆಗ ಲೋಕದಲ್ಲೆಲ್ಲ ಇದ್ದದ್ದು ಸುಮಾರು 75 ಡಬ್ಬಿಗಳು. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. 2008ರ ಹೊತ್ತಿಗೆ ಮೊಬೈಲಿಗೂ ಬಂತು. ಇಂದು ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಅಲ್ಮರ್ ಸಾಧನವನ್ನು ಪರೀಕ್ಷಿಸಲು ಹೋದವರು, ಟೀಗ್ ಚರ್ಚೆ ಓದಲು ಕುಳಿತವರು, ಐರಿಷ್ ಬೇರೇನನ್ನೋ ಹುಡುಕಿದವರು. ಹವ್ಯಾಸ ಬೇಕೆಂದು ಹೊರಟವರು ಇವರಲ್ಲಿ ಒಬ್ಬರೂ ಇಲ್ಲ. ಕಾಡಿನಲ್ಲಿ ನಡೆಯುವಾಗ ಆಕಸ್ಮಿಕವಾಗಿ ಡಬ್ಬಿ ಕಂಡು ಈ ಆಟಕ್ಕೆ ಬಂದವರೂ ಉಂಟು. ಅಂಥವರಿಗಾಗಿಯೇ, ಇದೇನೆಂದು ವಿವರಿಸುವ ಚೀಟಿಯೊಂದನ್ನು ಒಳಗಿಡುವ ಪದ್ಧತಿಯಿದೆ.

ಉಪಗ್ರಹವಿಲ್ಲದ ಕಾಲದಲ್ಲೂ ಇದರ ಪೂರ್ವಜವೊಂದಿತ್ತು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕನು, ತಲುಪಲು ಕಷ್ಟವಾದ ಕ್ರಾನ್ಮಿಯರ್ ಪೂಲ್ ಎಂಬಲ್ಲಿ ಒಂದು ಸೀಸೆಯನ್ನಿಟ್ಟನು. ಅಲ್ಲಿಯವರೆಗೆ ನಡೆದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುತ್ತಿದ್ದರು. ಮುಂದೆ ಅಲ್ಲಿ ಅಂಚೆಕಾರ್ಡು ಬಿಟ್ಟುಬರುವ ರೂಢಿ ಬೆಳೆಯಿತು. ನಂತರ ಬಂದ ಅಪರಿಚಿತನು ಅದನ್ನು ಒಯ್ದು ಅಂಚೆಗೆ ಹಾಕುತ್ತಿದ್ದನು.

ಸೀಸೆಗೂ ಬಕೆಟ್ಟಿಗೂ ಕಾವಲಿರಲಿಲ್ಲ. ಅಪರಿಚಿತನ ಮೇಲಿನ ನಂಬಿಕೆಯೇ ಈ ಆಟದ ಬಂಡವಾಳ. ಆದರೆ ಆ ನಂಬಿಕೆಗೆ ಕಾಲವು ಅನುಕೂಲವಾಗಿಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂಥ ಡಬ್ಬಿಯನ್ನು ಬಾಂಬೆಂದು ಶಂಕಿಸಿ ಸ್ಫೋಟಿಸಲಾಯಿತು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂಬ ಸೂಚನೆ ನಮ್ಮ ರೈಲುನಿಲ್ದಾಣಗಳಲ್ಲಿಯೂ ಕೇಳುತ್ತದೆ. ಆ ಎಚ್ಚರಿಕೆ ಅನಾವಶ್ಯಕವೆಂದು ನಾನು ಹೇಳಲಾರೆ. ಹೀಗಾಗಿ ಮಕ್ಕಳಿಗೆ ಈ ಆಟ ಕಲಿಸುವವರು ಜನಸಂದಣಿಯ ಜಾಗವನ್ನು ಬಿಟ್ಟು, ನೆಲದ ಒಡೆಯರ ಒಪ್ಪಿಗೆ ಪಡೆದೇ ಮುಂದುವರಿಯಬೇಕು.

ಡಬ್ಬಿಯೇ ಇಲ್ಲದ ದಾರಿಯೂ ಒಂದಿದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘವು ಅರ್ತ್‌ಕ್ಯಾಶ್ ಎಂಬ ಕ್ರಮವನ್ನು ಆರಂಭಿಸಿತು. ಇಲ್ಲಿ ಹುಡುಕಿ ತಲುಪುವುದು ಬಂಡೆಯನ್ನೋ ಜಲಪಾತವನ್ನೋ. ಅಲ್ಲಿ ನಿಂತು, ನೋಡಿ, ಕೇಳಿದ ಪ್ರಶ್ನೆಗೆ ಉತ್ತರಿಸಬೇಕು. ಶಿಕ್ಷಕನಾದ ನನಗೆ ಇದು ಬಹಳ ಮೆಚ್ಚುಗೆಯಾಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಶಿಲೆಯಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವದು. ಅದರ ಮೇಲೆ ಕುಳಿತು ಕಡಲೆಕಾಯಿ ತಿಂದು ಎದ್ದು ಬಂದವರು ನಿಮ್ಮಲ್ಲೂ ಇದ್ದೀರಿ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಅವರಿಂದಲೇ ಓದಿಸಿ, ಬಂಡೆಯಲ್ಲಿ ಏನೇನು ಕಾಣುತ್ತದೆಂದು ಅವರಿಂದಲೇ ಬರೆಸಿ. ಬರೆದದ್ದನ್ನು ನನಗೂ ಕಳುಹಿಸಿಕೊಡಿ. ತಿದ್ದುವ ಕೈ ಇನ್ನೂ ಸುಮ್ಮನಿರುವುದನ್ನು ಕಲಿತಿಲ್ಲ.