ಪುಸ್ತಕ, ಪತ್ರಿಕೆಗಳ ಮುಟ್ಟುಗೋಲು ಹಾಗೂ ಭಾವನೆಗಳಿಗೆ ಧಕ್ಕೆಯ ದೂರುಗಳು: ಸಾರ್ವಜನಿಕರ ಮಾಹಿತಿಗಾಗಿ

ಸಂವಿಧಾನದ 19(1)(ಎ) ವಿಧಿಯು ಪ್ರತಿಯೊಬ್ಬ ನಾಗರಿಕನಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡಿದೆ. 19(2)ನೇ ವಿಧಿಯನ್ವಯ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮುಂತಾದ ಕಾರಣಗಳಿಗಾಗಿ ಕಾನೂನಿನ ಮೂಲಕ ಸಮಂಜಸ ನಿರ್ಬಂಧ ವಿಧಿಸಬಹುದಾಗಿದೆ. ಮನಸ್ಸಿಗೆ ನೋವಾಯಿತೆಂಬುದು ಈ ಕಾರಣಗಳ ಪಟ್ಟಿಯಲ್ಲಿ ಇರುವುದಿಲ್ಲ. ಬಹುತೇಕ ದೂರುಗಳು ಮುಂದುವರಿಯದಿರುವುದಕ್ಕೆ ಇದನ್ನು ಗಮನಿಸದಿರುವುದೂ ಒಂದು ಕಾರಣವಾಗಿದೆ.

ದೂರು ನೀಡುವವರು

ಧಾರ್ಮಿಕ ಭಾವನೆಗಳನ್ನು ಕೆರಳಿಸುವ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 299 ಅನ್ವಯಿಸುತ್ತದೆ. ಇದು ಹಿಂದಿನ ದಂಡ ಸಂಹಿತೆಗೆ 1927ರಲ್ಲಿ ಸೇರಿದ ಕಲಂ 295-ಎ ಆಗಿದ್ದು, 2024ರ ಜುಲೈ 1ರಿಂದ ಹೊಸ ಸಂಖ್ಯೆಯಲ್ಲಿ ಜಾರಿಯಲ್ಲಿದೆ. ಕೃತ್ಯವು ಉದ್ದೇಶಪೂರ್ವಕವೂ ದುರುದ್ದೇಶಪೂರಿತವೂ ಆಗಿರತಕ್ಕದ್ದು. ಕಾರವಾರ ತಾಲ್ಲೂಕಿನ ತೋಡೂರಿನ ನಿವಾಸಿಯೊಬ್ಬರು ಯಾವುದೇ ಠಾಣೆಯಲ್ಲಿ ದೂರು ಸಲ್ಲಿಸಬಹುದು. ವ್ಯಾಪ್ತಿಯ ಪ್ರಶ್ನೆಯಿಂದ ದೂರನ್ನು ನಿರಾಕರಿಸುವಂತಿಲ್ಲ. ಆಕ್ಷೇಪಿತ ಬರಹದ ಪ್ರತಿಯನ್ನು, ಪುಟಸಂಖ್ಯೆ ಸಹಿತ, ಲಗತ್ತಿಸುವುದು ಸೂಕ್ತ. ಇಂತಹ ಪ್ರಕರಣಗಳಲ್ಲಿ ಉಪ ಅಧೀಕ್ಷಕರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಮಾತು ಮತ್ತು ಬರಹಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಹೀಗೆ ಮಾಡುವುದು ಯುಕ್ತವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ತಿಳಿಸಿದೆ. ದೃಢಚಿತ್ತದ ವಿವೇಕವಂತರ ಅಳತೆಯಿಂದಲೇ ಮಾತಿನ ಪರಿಣಾಮವನ್ನು ನೋಡತಕ್ಕದ್ದೆಂಬುದೂ ಅದೇ ತೀರ್ಪಿನಲ್ಲಿದೆ. ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಳ್ಳುವ ಮೊದಲು ಸರ್ಕಾರದ ಪೂರ್ವಾನುಮತಿ ಅಗತ್ಯ.

ಮುಟ್ಟುಗೋಲು

ಪುಸ್ತಕ ಅಥವಾ ಪತ್ರಿಕೆಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 98ರನ್ವಯ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 95) ರಾಜ್ಯ ಸರ್ಕಾರಕ್ಕೆ ಮಾತ್ರ ಇರುತ್ತದೆ. ಸದರಿ ಕಲಂನಡಿ ಜಿಲ್ಲಾಧಿಕಾರಿಗಾಗಲಿ ಠಾಣಾಧಿಕಾರಿಗಾಗಲಿ ಈ ಅಧಿಕಾರವಿಲ್ಲ. ಸಂಘ-ಸಂಸ್ಥೆಗಳಿಗಂತೂ ಇಲ್ಲವೇ ಇಲ್ಲ. ಇದಕ್ಕಾಗಿ ಕಾಯ್ದೆಯಲ್ಲಿ ನಿಗದಿತ ನಮೂನೆಯೂ ಇರುವುದಿಲ್ಲ. ಅಧಿಸೂಚನೆಯಲ್ಲಿ ಸರ್ಕಾರದ ಅಭಿಪ್ರಾಯಕ್ಕೆ ಆಧಾರಗಳನ್ನು ನಮೂದಿಸುವುದು ಕಡ್ಡಾಯ. ಆಧಾರ ನೀಡದ ಆದೇಶವನ್ನು 1961ರಲ್ಲಿಯೇ, ಹರನಾಮ್ ದಾಸ್ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತ್ತು.

ಕರ್ನಾಟಕದ ನಿದರ್ಶನವು ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಸಂಬಂಧಿಸಿದೆ. ಹನ್ನೆರಡನೆಯ ಶತಮಾನದ ಶರಣರನ್ನು ಕುರಿತ ಈ ಕೃತಿಯಲ್ಲಿ ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಚಿತ್ರಣಕ್ಕೆ ತೀವ್ರ ಆಕ್ಷೇಪಣೆಗಳು ಬಂದವು. ರಾಜ್ಯ ಸರ್ಕಾರವು ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಇದನ್ನು ಪ್ರಶ್ನಿಸಿದರು. ಉಚ್ಚ ನ್ಯಾಯಾಲಯವು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು; 2007ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಸ್ಥಿರಪಡಿಸಿತು. ಸರ್ಕಾರದ ಮೇಲ್ನೋಟದ ಅಭಿಪ್ರಾಯವನ್ನು ತಪ್ಪೆಂದು ತೋರಿಸುವ ಹೊಣೆ, ಲೇಖಕರ ಉದ್ದೇಶದ ಪ್ರಶ್ನೆಯೂ ಸೇರಿದಂತೆ, ಅರ್ಜಿದಾರರ ಮೇಲಿರುತ್ತದೆಂಬುದು ಸದರಿ ತೀರ್ಪಿನ ಮುಖ್ಯಾಂಶ. ಲೇಖಕರಿಗೂ ಓದುಗರಿಗೂ ಇದು ಹಗುರವಾದ ಹೊಣೆಯಲ್ಲ.

ಆದೇಶವನ್ನು ಪ್ರಶ್ನಿಸುವವರು

ಮುಟ್ಟುಗೋಲಾದ ಪುಸ್ತಕ ಅಥವಾ ಪತ್ರಿಕೆಯಲ್ಲಿ ಹಿತಾಸಕ್ತಿಯುಳ್ಳ ಯಾವುದೇ ವ್ಯಕ್ತಿಯು, ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾದ ದಿನಾಂಕದಿಂದ 2 ತಿಂಗಳೊಳಗೆ, ಕಲಂ 99ರನ್ವಯ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಉತ್ತರ ಕನ್ನಡ ಜಿಲ್ಲೆಯು ಧಾರವಾಡ ಪೀಠದ ವ್ಯಾಪ್ತಿಗೆ ಒಳಪಡುತ್ತದೆ. ಅರ್ಜಿಯ ವಿಚಾರಣೆಯನ್ನು ಮೂವರು ನ್ಯಾಯಾಧೀಶರ ವಿಶೇಷ ಪೀಠವು ನಡೆಸುತ್ತದೆ. ಅವಧಿಯ ಲೆಕ್ಕ ರಾಜ್ಯಪತ್ರದ ದಿನಾಂಕದಿಂದಲೇ ಆರಂಭವಾಗುವುದರಿಂದ, ವಿಷಯ ತಮಗೆ ತಡವಾಗಿ ತಿಳಿಯಿತೆಂದು ಭಾವಿಸಿ ಕಾಯುತ್ತ ಕೂರಬಾರದು.

ಚಲನಚಿತ್ರಗಳು

ಪ್ರಮಾಣಪತ್ರ ಪಡೆದ ಚಿತ್ರಗಳ ವಿಷಯವೇ ಬೇರೆ. ಕಮಲ್ ಹಾಸನ್ ಅವರು ಕನ್ನಡ ಭಾಷೆಯ ಬಗ್ಗೆ ಆಡಿದ ಮಾತಿನಿಂದ ಅಸಮಾಧಾನ ಉಂಟಾಗಿ, 2025ರ ಜೂನ್‌ನಲ್ಲಿ ‘ಥಗ್ ಲೈಫ್’ ಚಿತ್ರವು ರಾಜ್ಯದಲ್ಲಿ ತೆರೆ ಕಾಣಲಿಲ್ಲ. ಗುಂಪುಗಳ ಬೆದರಿಕೆಯಿಂದ ಪ್ರದರ್ಶನ ನಿಲ್ಲುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಬಿಡುಗಡೆಯಾದಲ್ಲಿ ರಕ್ಷಣೆ ಒದಗಿಸುವುದಾಗಿ ರಾಜ್ಯವು ತಿಳಿಸಿತು. ಚಿತ್ರವನ್ನು ನೋಡದಿರುವುದು, ಟೀಕಿಸುವುದು, ಶಾಂತಿಯುತವಾಗಿ ಪ್ರತಿಭಟಿಸುವುದು ನಾಗರಿಕರಿಗೆ ಮುಕ್ತವಾಗಿರುತ್ತದೆ. ಚಿತ್ರಮಂದಿರಕ್ಕೆ ಹಾನಿ ಮಾಡಿದಲ್ಲಿ ಅಥವಾ ಪ್ರೇಕ್ಷಕರನ್ನು ತಡೆದಲ್ಲಿ ಸಂಬಂಧಪಟ್ಟವರು ಕಾನೂನು ಕ್ರಮಕ್ಕೆ ಗುರಿಯಾಗುವರು.